ಬಾಕ್ಸ್ ಹ್ಯಾಂಗ್ ಆಗುತ್ತೆ, ನನಗೆ ನಿದ್ದೆ ಬರಲ್ಲ

ಪ್ರಶ್ನೆ: ನನಗೆ 27 ವರ್ಷ. ಊರು ಅರಸೀಕೆರೆ ಕಡೆ, ಕೆಲಸ ಬೆಂಗಳೂರಿನಲ್ಲಿ. ಕಚೇರಿಗಳಿಗೆ ಇಂಟರ್‌ನೆಟ್ ಲೈನ್ ಬರುವ ಜಾಗದಲ್ಲಿ ಕೂರಿಸುವ ಗೇಟ್‌ವೇ ಬಾಕ್ಸ್ ತಯಾರಿಸುವ ಸಣ್ಣ ಕಂಪನಿ ನಮ್ಮದು. ಒಳಗೆ ಓಡುವುದು ಲಿನಕ್ಸ್ 5.10, ಬೋರ್ಡು ನಾಲ್ಕು ಕೋರ್‌ನ ಎಕ್ಸ್86. ಯಾವ ಕಂಪ್ಯೂಟರ್ ಎಷ್ಟು ಡೇಟಾ ಬಳಸಿತು ಎಂದು ಎಣಿಸುವ ಒಂದು ಟೇಬಲನ್ನು ಕರ್ನಲ್‌ನ ನೆಟ್‌ವರ್ಕ್ ಕೋಡ್‌ಗೆ ಸೇರಿಸುವ ಕೆಲಸ ನನಗೆ ಬಂತು. ಒಳಬರುವ ಪ್ಯಾಕೆಟ್, ಬಾಕ್ಸ್ ತಾನೇ ಕಳಿಸುವ ಪ್ಯಾಕೆಟ್ ಎರಡೂ ನನ್ನ ನೆಟ್‌ಫಿಲ್ಟರ್ ಹುಕ್ ದಾಟಿ ಹೋಗುತ್ತವೆ, ಅಲ್ಲಿ ಲೆಕ್ಕ ಏರುತ್ತದೆ. ಮಾನಿಟರಿಂಗ್ ಪ್ರೋಗ್ರಾಂ ಒಂದು ನಿಮಿಷಕ್ಕೊಮ್ಮೆ ಪ್ರೋಕ್ ಫೈಲ್ ಮೂಲಕ ಟೇಬಲ್ ಓದುತ್ತದೆ. ಹಳೇ ಎಂಟ್ರಿ ಗುಡಿಸಲು ವರ್ಕ್‌ಕ್ಯೂನಲ್ಲಿ ಒಂದು ಕೆಲಸ ಇಟ್ಟಿದ್ದೇನೆ. ಟೇಬಲ್‌ಗೆ ಇರುವುದು ಒಂದೇ ಸ್ಪಿನ್‌ಲಾಕ್.

ಲ್ಯಾಬ್‌ನಲ್ಲಿ ವಾರಗಟ್ಟಲೆ ಓಡಿತು. ಕಸ್ಟಮರ್ ಹತ್ತಿರ ಹೋದಮೇಲೆ ಎರಡು ದಿನಕ್ಕೋ ಮೂರು ದಿನಕ್ಕೋ ಹ್ಯಾಂಗ್ ಆಗುತ್ತಿದೆ. ಕನ್ಸೋಲ್‌ನಲ್ಲಿ 'ಸಾಫ್ಟ್ ಲಾಕಪ್, ಸಿಪಿಯು 22 ಸೆಕೆಂಡ್‌ನಿಂದ ಸಿಕ್ಕಿಕೊಂಡಿದೆ' ಎಂದು ಬರುತ್ತದೆ, ನಾಲ್ಕೂ ಸಿಪಿಯು ನನ್ನ ಹುಕ್‌ನಲ್ಲೇ ನಿಂತಿರುತ್ತವೆ. ಒಮ್ಮೊಮ್ಮೆ ಪೂರ್ತಿ ಹ್ಯಾಂಗ್ ಆಗದೆ ಪ್ಯಾಕೆಟ್ ಓಡುತ್ತಲೇ ಇರುತ್ತವೆ, ಆದರೆ ಐಪಿ ಕಮಾಂಡ್ ಕೊಟ್ಟರೆ ವಾಪಸ್ ಬರುವುದಿಲ್ಲ, ರೀಬೂಟ್ ಕೂಡ ಆಗುವುದಿಲ್ಲ.

ಸ್ಪಿನ್‌ಲಾಕ್ ತೆಗೆದು ಮ್ಯೂಟೆಕ್ಸ್ ಹಾಕಿದೆ, 'ಶೆಡ್ಯೂಲಿಂಗ್ ವೈಲ್ ಅಟಾಮಿಕ್' ಎಂದು ಬೈಯಿತು. ಹುಕ್‌ನಲ್ಲಿ ಇಂಟರಪ್ಟ್ ಆಫ್ ಮಾಡುವ ಲಾಕ್ ಹಾಕಿದೆ, ಈಗ ಹ್ಯಾಂಗ್ ಆದಾಗ ಲಾಗ್ ಕೂಡ ಬರುತ್ತಿಲ್ಲ. ಪ್ರಿಂಟ್ ಸೇರಿಸಿದರೆ ಬಗ್ ಮಾಯ. ಮೊದಲು ಈ ಭಾಗ ನೋಡಿಕೊಳ್ಳುತ್ತಿದ್ದ ಸೀನಿಯರ್ ಕೆಲಸ ಬಿಟ್ಟು ಹೋಗಿದ್ದಾರೆ. ಮ್ಯಾನೇಜರ್ ದಿನಾ ಬೆಳಿಗ್ಗೆ 'ರೂಟ್ ಕಾಸ್ ಸಿಕ್ತಾ?' ಎಂದು ಕೇಳುತ್ತಾರೆ. ರಾತ್ರಿ ಮಲಗಿದರೂ ತಲೆಯಲ್ಲಿ ಅದೇ ಟ್ರೇಸ್. ಕರ್ನಲ್ ಕೆಲಸ ನನ್ನಂಥವರಿಗಲ್ಲ ಅನ್ನಿಸಿ ಟೆಸ್ಟಿಂಗ್‌ಗೆ ಹೋಗಲೇ ಎಂದು ಯೋಚಿಸುತ್ತಿದ್ದೇನೆ. ಕೋಡಿನ ತುಣುಕು, ಒಂದು ಪೂರ್ತಿ ಲಾಗ್ ಜೊತೆಗಿಟ್ಟಿದ್ದೇನೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಈ ಅಂಕಣಕ್ಕೆ ಅತ್ತೆ-ಸೊಸೆ, ಸಾಲ, ಮದುವೆ, ಮ್ಯಾನೇಜರ್‌ಗಳ ಪತ್ರ ಬರುವುದು ರೂಢಿ. ಸ್ಟ್ಯಾಕ್ ಟ್ರೇಸ್ ಲಗತ್ತಿಸಿದ ಪತ್ರ ಅಪರೂಪ. ಒಂದು ಕಾಲಕ್ಕೆ ಡ್ರೈವರ್ ಬರೆದು ಹೊಟ್ಟೆ ಹೊರೆದವಳಾದ್ದರಿಂದ ಬಿಡಲು ಮನಸ್ಸಾಗಲಿಲ್ಲ. ಉಳಿದ ಓದುಗರು ಈ ಒಂದು ವಾರ ಸ್ವಲ್ಪ ಸಹಿಸಿಕೊಳ್ಳಬೇಕು.

ಮೊದಲು ಒಂದು ಮಾತು, ತಂಗಿ. ನೀವು ಒಂದು ಬಗ್ ಹುಡುಕುತ್ತಿದ್ದೀರಿ ಎಂದುಕೊಂಡಿದ್ದೀರಿ. ನಿಮ್ಮ ಬಾಕ್ಸ್‌ನಲ್ಲಿರುವುದು ಎರಡು. ಎರಡರ ಲಕ್ಷಣಗಳನ್ನೂ ಒಂದೇ ಚೀಟಿಯಲ್ಲಿ ಬರೆದುಕೊಂಡು ಅಷ್ಟಕ್ಕೂ ಹೊಂದುವ ಒಂದು ಕಾರಣ ಹುಡುಕಿದ್ದಕ್ಕೇ ನಿಮಗೆ ತಲೆ ಕೆಟ್ಟಿದೆ. ಯಾರಿಗಾದರೂ ಕೆಡುತ್ತಿತ್ತು.

ಬೇರ್ಪಡಿಸುವುದು ಕಷ್ಟವಿಲ್ಲ. ಸ್ಪಿನ್‌ಲಾಕ್‌ಗೆ ಕಾಯುವವನು ನಿಂತಲ್ಲೇ ಗಿರಗಿರ ಸುತ್ತುತ್ತಾ ಸಿಪಿಯುವನ್ನು ಬಿಟ್ಟುಕೊಡದೆ ಕಾಯುತ್ತಾನೆ. ಮ್ಯೂಟೆಕ್ಸ್‌ಗೆ ಕಾಯುವವನು ಸಿಪಿಯು ಬಿಟ್ಟುಕೊಟ್ಟು ಮಲಗಿಬಿಡುತ್ತಾನೆ. ಮೊದಲನೆಯ ಥರದ ಗಂಟು ಬಿದ್ದರೆ ಸಿಪಿಯುವೇ ಹೋಯಿತು. ಕರ್ನಲ್‌ನ ಕಾವಲುಗಾರ ಇದನ್ನು ಅಳೆಯುವ ಮಿತಿ ಸಾಮಾನ್ಯವಾಗಿ 10 ಸೆಕೆಂಡು, ಅದರ ಎರಡರಷ್ಟು ಕಳೆದರೆ ಕೂಗುತ್ತಾನೆ. ಅದಕ್ಕೇ ನಿಮ್ಮ ಲಾಗ್‌ನಲ್ಲಿ 22 ಸೆಕೆಂಡ್ ಎಂದು ಬರುವುದು. ಎರಡನೆಯ ಥರದಲ್ಲಿ ಯಂತ್ರ ಬದುಕಿಯೇ ಇರುತ್ತದೆ. ಕಾಯುವ ಪ್ರೋಗ್ರಾಂ ಮಾತ್ರ ಪಿಎಸ್ ಪಟ್ಟಿಯಲ್ಲಿ 'ಡಿ' ಎಂಬ ಗುರುತು ಹೊತ್ತು ಅಲುಗಾಡದೆ ಬಿದ್ದಿರುತ್ತದೆ, 120 ಸೆಕೆಂಡ್ ದಾಟಿದರೆ ಹಂಗ್ ಟಾಸ್ಕ್ ಎಂಬ ಇನ್ನೊಂದು ಎಚ್ಚರಿಕೆ ಬರುತ್ತದೆ. ನಾಲ್ಕೂ ಸಿಪಿಯು ನಿಂತದ್ದು ಸ್ಪಿನ್‌ಲಾಕ್‌ನ ಕಥೆ. ಐಪಿ ಕಮಾಂಡ್ ವಾಪಸ್ ಬಾರದ್ದು ಮ್ಯೂಟೆಕ್ಸ್‌ನ ಕಥೆ. ಇವತ್ತಿನಿಂದ ಎರಡಕ್ಕೂ ಬೇರೆ ಬೇರೆ ಫೈಲ್ ಇಡಿ.

ಈಗ ಮೊದಲನೆಯದು. ನೀವು ಕಳಿಸಿದ ಲಾಗ್‌ನಲ್ಲಿ ನಾಲ್ಕು ಸಿಪಿಯುಗಳ ಟ್ರೇಸ್ ಇದೆ. ನಾಲ್ಕರ ತಲೆಯಲ್ಲೂ ಒಂದೇ ಸಾಲು: ಸ್ಪಿನ್‌ಲಾಕ್‌ಗೆ ಕಾಯುವ ಫಂಕ್ಷನ್, ಅದರ ಕೆಳಗೆ ನಿಮ್ಮ ಹುಕ್, ಅದರ ಕೆಳಗೆ ಐಪಿ ಪದರ, ಮತ್ತೂ ಕೆಳಗೆ ಕಾರ್ಡಿನಿಂದ ಪ್ಯಾಕೆಟ್ ಎತ್ತಿಕೊಳ್ಳುವ ಭಾಗ. ನೀವು ಅಲ್ಲಿಗೇ ಓದು ನಿಲ್ಲಿಸಿ ಹುಕ್ ಕೋಡನ್ನು ಬಿಚ್ಚಿ ಕೂತಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಯಿತು. ಹುಕ್ ಲಾಕ್ ಹಿಡಿದಿಲ್ಲ, ಕಾಯುತ್ತಿದೆ. ನಾಲ್ಕು ಜನ ಕಾಯುತ್ತಿದ್ದಾರೆ ಎಂದರೆ ಹಿಡಿದವನು ಯಾರು, ಎಲ್ಲಿ ಓಡುತ್ತಿದ್ದಾನೆ? ಬಾಕ್ಸ್‌ನಲ್ಲಿ ಐದನೆಯ ಸಿಪಿಯು ಇಲ್ಲವಲ್ಲ.

ಲಾಗ್‌ನಲ್ಲಿ ಸಿಪಿಯು 2ರ ಟ್ರೇಸನ್ನು ಇನ್ನೂ ಕೆಳಕ್ಕೆ ಓದಿ. ಐಆರ್‌ಕ್ಯೂ ಎಂಬ ಗುರುತು ಮುಚ್ಚಿಕೊಳ್ಳುವ ಸಾಲು ಬರುತ್ತದೆ, ಇಂಟರಪ್ಟ್‌ನ ಭಾಗ ಅಲ್ಲಿಗೆ ಮುಗಿಯಿತು ಎಂದು ಅರ್ಥ. ಅದರ ಕೆಳಗಿರುವುದು ಇಂಟರಪ್ಟ್ ಬಂದು ಬೀಳುವ ಮುನ್ನ ಆ ಸಿಪಿಯು ಏನು ಮಾಡುತ್ತಿತ್ತು ಎಂಬ ವಿವರ. ಅಲ್ಲಿ ಏನಿದೆ? ಮೊದಲಿಗೇ ನೀವೇ ಬರೆದ ಟೇಬಲ್ ತೋರಿಸುವ ಫಂಕ್ಷನ್, ಅದರ ಕೆಳಗೆ ಸೀಕ್ವೆನ್ಸ್ ಫೈಲ್ ರೀಡ್, ಪ್ರೋಕ್ ರೀಡ್, ವಿಎಫ್‌ಎಸ್ ರೀಡ್. ಉಳಿದ ಮೂರು ಸಿಪಿಯುಗಳಲ್ಲಿ ಆ ಗುರುತಿನ ಕೆಳಗೆ ಸುಮ್ಮನೆ ಖಾಲಿ ಕೂತ ಐಡಲ್ ಲೂಪ್ ಮಾತ್ರ ಇದೆ. ಹಿಡಿದವನು ಸಿಕ್ಕಿದ.

ಆದದ್ದು ಇಷ್ಟು. ಮಾನಿಟರಿಂಗ್ ಪ್ರೋಗ್ರಾಂ ಸಿಪಿಯು 2ರಲ್ಲಿ ಓಡುತ್ತಾ ಟೇಬಲ್ ಓದಲು ಬಂತು, ಸಾದಾ ಸ್ಪಿನ್_ಲಾಕ್ ಹಿಡಿಯಿತು. ಅದೇ ಕ್ಷಣ ಅದೇ ಸಿಪಿಯುಗೆ ಕಾರ್ಡಿನಿಂದ ಇಂಟರಪ್ಟ್ ಬಂತು. ಇಂಟರಪ್ಟ್ ಮುಗಿದು ಹೊರಡುವಾಗ ಕರ್ನಲ್ ತನ್ನ ರೂಢಿಯಂತೆ ಸಾಫ್ಟ್‌ಐಆರ್‌ಕ್ಯೂ ಓಡಿಸಿತು, ಅಂದರೆ ಬಂದ ಪ್ಯಾಕೆಟ್‌ಗಳನ್ನು ವಿಲೇವಾರಿ ಮಾಡುವ ಭಾಗ. ಅದು ನಿಮ್ಮ ಹುಕ್‌ಗೆ ಬಂದು ಅದೇ ಲಾಕ್ ಕೇಳಿತು. ಲಾಕ್ ಇರುವುದು ತಾನು ತುಳಿದುಕೊಂಡು ನಿಂತ ಪ್ರೋಗ್ರಾಂನ ಕೈಯಲ್ಲಿ. ಹುಕ್ ಮುಗಿಯದೆ ಆ ಪ್ರೋಗ್ರಾಂಗೆ ಸಿಪಿಯು ಸಿಗದು, ಅದು ಲಾಕ್ ಬಿಡದೆ ಹುಕ್ ಮುಗಿಯದು. ಸಿಪಿಯು 2 ಅಲ್ಲಿಗೆ ಹೋಯಿತು. ಆಮೇಲೆ ಮಿಕ್ಕ ಮೂರಕ್ಕೂ ಪ್ಯಾಕೆಟ್ ಬಂದಂತೆಲ್ಲ ಒಂದೊಂದಾಗಿ ಅದೇ ಲಾಕ್‌ನ ಬಾಗಿಲಲ್ಲಿ ನಿಂತವು.

ಸಾದಾ ಸ್ಪಿನ್_ಲಾಕ್ ಹಿಡಿದಾಗ ಇನ್ನೊಂದು ಪ್ರೋಗ್ರಾಂ ನಡುವೆ ನುಗ್ಗದಂತೆ ಕರ್ನಲ್ ತಡೆಯುತ್ತದೆ. ಸಾಫ್ಟ್‌ಐಆರ್‌ಕ್ಯೂ ನುಗ್ಗದಂತೆ ತಡೆಯುವುದಿಲ್ಲ. ಅದಕ್ಕೆ ಸ್ಪಿನ್_ಲಾಕ್_ಬಿಎಚ್ ಎಂಬ ಬೇರೆ ಕರೆ ಇದೆ. ಪ್ರೋಕ್ ಓದುವಲ್ಲಿ, ಹಳೇ ಎಂಟ್ರಿ ಗುಡಿಸುವಲ್ಲಿ ಎರಡೂ ಕಡೆ ಅದು ಬೇಕಿತ್ತು.

ಹುಕ್‌ನಲ್ಲಿ ಸಾದಾ ಲಾಕ್ ಸಾಕಲ್ಲವೇ ಎಂದು ನೀವು ಕೇಳಬಹುದು. ಒಂದು ಸಿಪಿಯುನಲ್ಲಿ ಒಂದು ಸಾಫ್ಟ್‌ಐಆರ್‌ಕ್ಯೂ ಓಡುವಾಗ ಅದರ ಮೇಲೆ ಇನ್ನೊಂದು ಬಂದು ಕೂರುವುದಿಲ್ಲ, ಹಾಗಾಗಿ ಒಳಬರುವ ಪ್ಯಾಕೆಟ್ ಮಟ್ಟಿಗೆ ಸಾಕು. ಆದರೆ ಪತ್ರದಲ್ಲಿ ನೀವೇ ಸಲೀಸಾಗಿ ಬರೆದು ದಾಟಿಹೋದ ಒಂದು ವಾಕ್ಯವಿದೆ: ಬಾಕ್ಸ್ ತಾನೇ ಕಳಿಸುವ ಪ್ಯಾಕೆಟ್‌ಗಳೂ ಅದೇ ಹುಕ್ ದಾಟುತ್ತವೆ. ಡಿಎನ್‌ಎಸ್ ಸರ್ವರೋ ಎಸ್‌ಎಸ್‌ಎಚ್ಚೋ ಏನೋ ಒಂದು ಪ್ಯಾಕೆಟ್ ಕಳಿಸಿದಾಗ ನಿಮ್ಮ ಹುಕ್ ಓಡುವುದು ಆ ಪ್ರೋಗ್ರಾಂನ ಸಿಸ್ಟಂ ಕಾಲ್ ಒಳಗೆ, ಸಾಫ್ಟ್‌ಐಆರ್‌ಕ್ಯೂ ತೆರೆದೇ ಇರುವಾಗ. ಫಂಕ್ಷನ್ ಒಂದೇ, ಬರುವ ದಾರಿ ಎರಡು. ಪ್ರೋಕ್ ಫೈಲನ್ನು ಯಾರೂ ಓದದಿದ್ದರೂ ಈ ದಾರಿಯಿಂದ ಅದೇ ಗಂಟು ಬೀಳಬಹುದು. ಆದ್ದರಿಂದ ಹುಕ್‌ನಲ್ಲೂ ಬಿಎಚ್ ಲಾಕೇ ಇರಲಿ. ಇದೊಂದನ್ನು ಬಿಟ್ಟು ಪ್ರೋಕ್ ಭಾಗ ಮಾತ್ರ ಸರಿಮಾಡಿ ಕಳಿಸಿದ್ದರೆ, ತಿಂಗಳ ನಂತರ ಕಸ್ಟಮರ್ ಮತ್ತೆ ಫೋನ್ ಮಾಡುತ್ತಿದ್ದರು. ಆಗ ನಿಮ್ಮ ಧೈರ್ಯ ನಿಜಕ್ಕೂ ಕುಸಿಯುತ್ತಿತ್ತು.

ನೀವು ಮಾಡಿದ ಪ್ರಯತ್ನಗಳು ವ್ಯರ್ಥ ಎಂದುಕೊಳ್ಳಬೇಡಿ, ಒಂದೊಂದೂ ಒಂದು ಸುಳಿವು ಕೊಟ್ಟಿದೆ. ಮ್ಯೂಟೆಕ್ಸ್ ಹಾಕಿದಾಗ ಬೈದದ್ದು, 'ಇದು ಮಲಗಬಾರದ ಜಾಗ' ಎಂದು ಹೇಳಿದ್ದು. ಹುಕ್‌ನಲ್ಲಿ ಇಂಟರಪ್ಟ್ ಆಫ್ ಮಾಡಿದಾಗ ಲಾಗ್ ನಿಂತಿತು, ಯಾಕೆಂದರೆ 22 ಸೆಕೆಂಡ್ ಎಣಿಸುವ ಕಾವಲುಗಾರನೇ ಒಂದು ಟೈಮರ್ ಇಂಟರಪ್ಟ್. ಅವನ ಬಾಯನ್ನೂ ನೀವು ಕಟ್ಟಿದಿರಿ. ಹಿಡಿಯುವವನ ಕಡೆ ಬಿಟ್ಟು ಕಾಯುವವನ ಕಡೆ ಇಂಟರಪ್ಟ್ ಆಫ್ ಮಾಡಿದ್ದರಿಂದ ಗಂಟು ಹಾಗೇ ಉಳಿಯಿತು. ಪ್ರಿಂಟ್ ಸೇರಿಸಿದರೆ ಬಗ್ ಮಾಯವಾದದ್ದೂ ಮಾಯವಲ್ಲ. ನಿಮ್ಮ ಸೀರಿಯಲ್ ಕನ್ಸೋಲ್ 115200 ವೇಗದ್ದು, ಅಂದರೆ ಸೆಕೆಂಡಿಗೆ ಸುಮಾರು 11,500 ಅಕ್ಷರ. 80 ಅಕ್ಷರದ ಒಂದು ಸಾಲು ಹೊರಬೀಳಲು ಹತ್ತಿರ ಹತ್ತಿರ 7 ಮಿಲಿಸೆಕೆಂಡು ಬೇಕು. ಪ್ಯಾಕೆಟ್ ಒಂದರ ಕೆಲಸ ಮುಗಿಯುವುದು ಮೈಕ್ರೋಸೆಕೆಂಡುಗಳಲ್ಲಿ. ಅಂಥ ಜಾಗದಲ್ಲಿ 7 ಮಿಲಿಸೆಕೆಂಡ್ ತುರುಕಿದರೆ ಇಡೀ ಬಾಕ್ಸ್‌ನ ನಡಿಗೆಯೇ ಬದಲಾಗುತ್ತದೆ. ಇನ್ನು ಮುಂದೆ ಇಂಥ ಕಡೆ ಟ್ರೇಸ್_ಪ್ರಿಂಟ್‌ಕೆ ಬಳಸಿ. ಅದು ಕನ್ಸೋಲಿಗೆ ಹೋಗದೆ ಮೆಮೊರಿಯಲ್ಲಿ ಬರೆದಿಡುತ್ತದೆ, ಆಮೇಲೆ ಓದಿಕೊಳ್ಳಬಹುದು.

ಲ್ಯಾಬ್‌ನಲ್ಲಿ ಯಾಕೆ ಆಗಲಿಲ್ಲ? ನಿಮ್ಮ ಟ್ರಾಫಿಕ್ ಜನರೇಟರ್‌ನಿಂದ ಒಂದೇ ಹರಿವಿನ ಪ್ಯಾಕೆಟ್ ಬರುತ್ತಿರಬೇಕು. ಒಂದು ಹರಿವು ಎಂದರೆ ಕಾರ್ಡಿನ ಒಂದು ಕ್ಯೂ, ಒಂದು ಸಿಪಿಯು. ಮಾನಿಟರಿಂಗ್ ಪ್ರೋಗ್ರಾಂ ಬಿಡುವಾಗಿದ್ದ ಬೇರೆ ಸಿಪಿಯುನಲ್ಲಿ ಕೂತು ಆರಾಮಾಗಿ ಓದಿಕೊಂಡು ಹೋಯಿತು. ಬೇರೆ ಬೇರೆ ಸಿಪಿಯು ಆದರೆ ಒಬ್ಬರು ಒಂದು ಕ್ಷಣ ಕಾದರೆ ಮುಗಿಯಿತು, ಗಂಟು ಬೀಳುವುದಿಲ್ಲ. ಕಸ್ಟಮರ್ ಕಚೇರಿಯಲ್ಲಿ ನೂರಾರು ಜನರ ಹರಿವು, ನಾಲ್ಕೂ ಕ್ಯೂ, ನಾಲ್ಕೂ ಸಿಪಿಯು. ಲ್ಯಾಬ್‌ನಲ್ಲಿ ಇದನ್ನು ಬರಿಸುವುದು ಸುಲಭ. ಪ್ರೋಕ್ ಇಂಟರಪ್ಟ್ಸ್ ಫೈಲ್ ನೋಡಿ, ಕಾರ್ಡಿನ ಲೆಕ್ಕ ಯಾವ ಸಿಪಿಯುನಲ್ಲಿ ಏರುತ್ತಿದೆ ಎಂದು ಗುರುತಿಸಿ. ನಿಮ್ಮ ಟೇಬಲ್ ಓದುವ ಕ್ಯಾಟ್ ಕಮಾಂಡನ್ನು ಟಾಸ್ಕ್‌ಸೆಟ್‌ನಿಂದ ಅದೇ ಸಿಪಿಯುಗೆ ಕಟ್ಟಿ, ನಿಲ್ಲಿಸದೆ ಓಡಿಸಿ. ಜೊತೆಗೆ ಟ್ರಾಫಿಕ್ ಹರಿಸಿ. ಮೂರು ದಿನ ಕಾಯಬೇಕಿಲ್ಲ. ಹಳೇ ಕೋಡ್‌ನಲ್ಲಿ ಇದು ಹ್ಯಾಂಗ್ ಆದದ್ದನ್ನು ಕಣ್ಣಾರೆ ಕಂಡಮೇಲಷ್ಟೇ ಹೊಸ ಕೋಡ್ ಹಾಕಿ. ಸರಿಹೋಯಿತು ಎಂದು ಹೇಳಲು ನಿಮಗೆ ಬೇರೆ ಆಧಾರವಿಲ್ಲ.

ಇಷ್ಟೆಲ್ಲವನ್ನೂ ಲಾಗ್ ಓದಿ ಹೇಳಿದೆ. ನಿಜ ಹೇಳಬೇಕೆಂದರೆ ಇದಕ್ಕೆ ನನ್ನ ಅಗತ್ಯವಿರಲಿಲ್ಲ. ಲಿನಕ್ಸ್ ಕರ್ನಲ್ ಒಳಗೇ ಇದನ್ನು ಹೇಳುವ ಒಂದು ಸಾಧನ ಇದೆ: ಲಾಕ್‌ಡೆಪ್. ಇಂಗೊ ಮೊಲ್ನಾರ್ ಮತ್ತು ಅರ್ಜಾನ್ ವಾನ್ ಡೆ ವೆನ್ ಬರೆದದ್ದು, 2006ರಲ್ಲಿ 2.6.18ರ ಜೊತೆ ಬಂತು. ಕರ್ನಲ್ ಕಟ್ಟುವಾಗ ಪ್ರೂವ್ ಲಾಕಿಂಗ್ ಎಂಬ ಆಯ್ಕೆ ಹಾಕಿದರೆ ಅದು ಕಣ್ಣು ಬಿಡುತ್ತದೆ. ಅದರ ಜಾಣತನ ಇರುವುದು ಇಲ್ಲಿ: ಗಂಟು ಬೀಳುವವರೆಗೆ ಅದು ಕಾಯುವುದಿಲ್ಲ. ಪ್ರತಿ ಬಗೆಯ ಲಾಕ್‌ಗೂ ಒಂದು ಖಾತೆ ತೆರೆದು, ಈ ಲಾಕನ್ನು ಯಾವತ್ತಾದರೂ ಸಾಫ್ಟ್‌ಐಆರ್‌ಕ್ಯೂ ಒಳಗೆ ಹಿಡಿದಿದ್ದಾರೆಯೇ, ಯಾವತ್ತಾದರೂ ಸಾಫ್ಟ್‌ಐಆರ್‌ಕ್ಯೂ ತೆರೆದಿರುವಾಗ ಹಿಡಿದಿದ್ದಾರೆಯೇ ಎಂದು ಬರೆದಿಟ್ಟುಕೊಳ್ಳುತ್ತದೆ. ಎರಡಕ್ಕೂ ಹೌದು ಎಂದು ಬಂದರೆ, ಅವು ಬೇರೆ ಸಿಪಿಯುನಲ್ಲಿ ಒಂದು ಗಂಟೆ ಅಂತರದಲ್ಲಿ ಆಗಿದ್ದರೂ ಸರಿ, 'ಇನ್‌ಕನ್ಸಿಸ್ಟೆಂಟ್ ಲಾಕ್ ಸ್ಟೇಟ್' ಎಂದು ಅಲ್ಲೇ ವರದಿ ಕೊಡುತ್ತದೆ. ನಿಮ್ಮ ಬಾಕ್ಸ್‌ಗೆ ಹೊರಗಿನಿಂದ ಒಂದು ಪಿಂಗ್, ಒಳಗೆ ಒಂದು ಕ್ಯಾಟ್. ಅಷ್ಟೇ ಸಾಕಾಗುತ್ತಿತ್ತು, ಹ್ಯಾಂಗ್ ಆಗುವ ಅಗತ್ಯವೇ ಇರಲಿಲ್ಲ.

ವರದಿ ನೋಡಿದರೆ ಮೊದಲು ಹೆದರಿಕೆಯಾಗುತ್ತದೆ, ನೂರಾರು ಸಾಲು. ಆರಂಭದಲ್ಲಿ ಬಾಣದ ಗುರುತಿನ ಎರಡೂ ಬದಿ ದೊಡ್ಡಕ್ಷರದ ಎರಡು ಪದಗುಚ್ಛ ಇರುವ ಸಾಲನ್ನು ಹುಡುಕಿ. ಎಡಗಡೆ 'ಸಾಫ್ಟ್‌ಐಆರ್‌ಕ್ಯೂ ಆನ್', ಬಲಗಡೆ 'ಇನ್ ಸಾಫ್ಟ್‌ಐಆರ್‌ಕ್ಯೂ' ಎಂದಿದ್ದರೆ ನಿಮ್ಮ ಮೊದಲನೆಯ ಬಗ್. ಅದರ ಕೆಳಗೆ ಎರಡು ಟ್ರೇಸ್ ಇರುತ್ತವೆ, ಒಂದು ಈಗಿನದು, ಇನ್ನೊಂದು ಹಿಂದೆ ಯಾವಾಗಲೋ ಬೇರೆ ರೀತಿಯಲ್ಲಿ ಹಿಡಿದಾಗಿನದು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಎರಡು ಹಳ್ಳಗಳಿವೆ, ನೋಡಿಕೊಂಡು ನಡೆಯಿರಿ. ಮೊದಲ ವರದಿ ಕೊಟ್ಟಮೇಲೆ ಲಾಕ್‌ಡೆಪ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಅದಾದ ಮೇಲೆ ಏನೂ ಬರಲಿಲ್ಲವೆಂದು ಖುಷಿಪಟ್ಟರೆ ಮೋಸ ಹೋದಂತೆ. ಒಂದನ್ನು ಸರಿಮಾಡಿ, ರೀಬೂಟ್ ಮಾಡಿ, ಮತ್ತೆ ನೋಡಬೇಕು. ಇನ್ನೊಂದು, ಜಿಪಿಎಲ್ ಅಲ್ಲದ ಲೈಸೆನ್ಸಿನ ಯಾವುದಾದರೂ ಮಾಡ್ಯೂಲ್ ಲೋಡ್ ಆದರೆ ಲಾಕ್‌ಡೆಪ್ ಬಾಯಿ ಮುಚ್ಚಿಕೊಳ್ಳುತ್ತದೆ. ಬೂಟ್ ಲಾಗ್‌ನಲ್ಲಿ 'ಡಿಸೇಬ್ಲಿಂಗ್ ಲಾಕ್ ಡಿಬಗ್ಗಿಂಗ್' ಎಂದು ಒಂದೇ ಸಾಲು ಬಂದು ಹೋಗಿರುತ್ತದೆ, ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ನಿಮ್ಮ ಬಾಕ್ಸ್‌ನಲ್ಲಿ ಚಿಪ್ ಕಂಪನಿ ಕೊಟ್ಟ ಬೈನರಿ ಡ್ರೈವರ್ ಏನಾದರೂ ಇದ್ದರೆ ಅದನ್ನು ತೆಗೆದಿಟ್ಟು ಪರೀಕ್ಷಿಸಿ. ಈ ಕರ್ನಲ್ ನಿಧಾನ, ಲ್ಯಾಬ್‌ನಲ್ಲೇ ಇರಲಿ, ಕಸ್ಟಮರ್‌ಗೆ ಹೋಗುವುದು ಬೇಡ. ಲಾಕ್‌ಡೆಪ್ ಸುಳ್ಳು ಹೇಳುತ್ತದೆ ಎಂದು ಯಾರಾದರೂ ಅನುಭವಸ್ಥರು ಹೇಳಬಹುದು. ಒಂದರ ಮೇಲೊಂದು ಪೇರಿಸಿದ ಇಂಟರ್‌ಫೇಸ್‌ಗಳಲ್ಲಿ, ಬಾಂಡ್ ಮೇಲೆ ವಿಲ್ಯಾನ್ ಇದ್ದ ಕಡೆ, ಹಾಗೆ ಆಗುವುದುಂಟು. ನಿಮ್ಮದು ಅದಲ್ಲ.

ಎರಡನೆಯ ಬಗ್‌ಗೆ ಬರೋಣ. ಇಂಟರ್‌ಫೇಸ್ ಏರಿಸುವುದು, ಇಳಿಸುವುದು, ವಿಳಾಸ ಬದಲಿಸುವುದು ಇವೆಲ್ಲಕ್ಕೂ ಲಿನಕ್ಸ್‌ನಲ್ಲಿ ಒಂದು ದೊಡ್ಡ ಮ್ಯೂಟೆಕ್ಸ್ ಇದೆ, ಆರ್‌ಟಿಎನ್‌ಎಲ್. ನಿಮ್ಮ ಗುಡಿಸುವ ಕೆಲಸ ಇಂಟರ್‌ಫೇಸ್ ಇನ್ನೂ ಇದೆಯೇ ಎಂದು ನೋಡಲು ಅದನ್ನು ಹಿಡಿಯುತ್ತದೆ. ಇತ್ತ ಇಂಟರ್‌ಫೇಸ್ ಇಳಿದಾಗ ಕರ್ನಲ್ ನಿಮ್ಮ ನೋಟಿಫೈಯರ್ ಫಂಕ್ಷನನ್ನು ಕರೆಯುತ್ತದೆ, ಕರೆಯುವಾಗಲೇ ಆರ್‌ಟಿಎನ್‌ಎಲ್ ಹಿಡಿದಿರುತ್ತದೆ. ಅದರೊಳಗೆ ನೀವು 'ಗುಡಿಸುವ ಕೆಲಸ ರದ್ದು ಮಾಡು, ಓಡುತ್ತಿದ್ದರೆ ಮುಗಿಯುವವರೆಗೆ ಕಾಯಿ' ಎಂದು ಬರೆದಿದ್ದೀರಿ. ಕೆಲಸ ಆರ್‌ಟಿಎನ್‌ಎಲ್‌ಗೆ ಕಾಯುತ್ತಿದೆ, ಆರ್‌ಟಿಎನ್‌ಎಲ್ ಹಿಡಿದವರು ಕೆಲಸ ಮುಗಿಯಲೆಂದು ಕಾಯುತ್ತಿದ್ದಾರೆ. ಪ್ಯಾಕೆಟ್‌ಗಳಿಗೆ ಆರ್‌ಟಿಎನ್‌ಎಲ್ ಬೇಕಿಲ್ಲ, ಅವು ತಮ್ಮ ಪಾಡಿಗೆ ಓಡುತ್ತವೆ. ಐಪಿ ಕಮಾಂಡ್‌ಗೆ ಬೇಕು, ಹಾಗಾಗಿ ಅದು ಮಲಗಿತು. ರೀಬೂಟ್ ಮಾಡುವಾಗ ನಿಮ್ಮ ಶಟ್‌ಡೌನ್ ಸ್ಕ್ರಿಪ್ಟ್ ಇಂಟರ್‌ಫೇಸ್ ಇಳಿಸಲು ಹೋಗುತ್ತದೆ, ಅದೂ ಸಾಲಿನಲ್ಲಿ ಸೇರಿಕೊಂಡಿತು.

ಮೋಜೆಂದರೆ ಇಲ್ಲಿ ನೀವು ಬರೆದ ಲಾಕ್ ಯಾವುದೂ ಇಲ್ಲ. 'ಮುಗಿಯುವವರೆಗೆ ಕಾಯಿ' ಎಂಬ ಕರೆಯೂ ಲಾಕ್‌ನಂತೆಯೇ ವರ್ತಿಸುತ್ತದೆ ಎಂಬುದು ಕೋಡ್ ಓದುವವರ ಕಣ್ಣಿಗೆ ಬೀಳುವುದಿಲ್ಲ. ಲಾಕ್‌ಡೆಪ್ ಮಾತ್ರ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆರ್‌ಟಿಎನ್‌ಎಲ್ ಮತ್ತು ನಿಮ್ಮ ವರ್ಕ್ ಎರಡನ್ನೂ ಒಂದು ಸುತ್ತಿನಲ್ಲಿ ಬರೆದು 'ಪಾಸಿಬಲ್ ಸರ್ಕ್ಯುಲರ್ ಲಾಕಿಂಗ್ ಡಿಪೆಂಡೆನ್ಸಿ' ಎಂದು ತೋರಿಸುತ್ತದೆ. ಸರಿಪಡಿಸಲು ಉತ್ತಮ ದಾರಿ, ಗುಡಿಸುವ ಕೆಲಸ ಆರ್‌ಟಿಎನ್‌ಎಲ್ ಮುಟ್ಟದಿರುವುದು. ಇಂಟರ್‌ಫೇಸ್ ಇದೆಯೇ ಎಂದು ನೋಡುವುದಕ್ಕಷ್ಟೇ ಆರ್‌ಸಿಯು ಓದು ಸಾಕು. ಅದು ಆಗದಿದ್ದರೆ ಟ್ರೈಲಾಕ್ ಮಾಡಿ, ಸಿಗದಿದ್ದರೆ ಕೆಲಸವನ್ನು ಸ್ವಲ್ಪ ಹೊತ್ತಿಗೆ ಮುಂದೂಡಿ. ಎಷ್ಟೋ ಡ್ರೈವರ್‌ಗಳು ಹಾಗೇ ಮಾಡುತ್ತವೆ. ಮುಂದೆ ಇಂಥದ್ದು ಕಸ್ಟಮರ್ ಹತ್ತಿರ ಸಿಕ್ಕಿಕೊಂಡರೆ ಪವರ್ ತೆಗೆಯುವ ಮುಂಚೆ ಕನ್ಸೋಲ್‌ನಿಂದ ಸಿಸ್‌ಆರ್‌ಕ್ಯೂ 'ಡಬ್ಲ್ಯೂ' ಒತ್ತಿಸಿ. ಮಲಗಿದವರೆಲ್ಲರ ಟ್ರೇಸ್ ಬರುತ್ತದೆ. 'ಎಲ್' ಒತ್ತಿದರೆ ಎಲ್ಲ ಸಿಪಿಯುಗಳದ್ದು.

ಕೋಡ್ ಮುಟ್ಟುವ ಮುಂಚೆ ಇನ್ನೊಂದು ಕೆಲಸ ಮಾಡಿ. ಕಂಪ್ಯೂಟರ್ ಮುಚ್ಚಿ, ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ನಿಮ್ಮ ಟೇಬಲನ್ನು ಮುಟ್ಟುವ ಪ್ರತಿ ಫಂಕ್ಷನ್. ಬಲಗಡೆ ಅದು ಯಾವ ಯಾವ ಸಂದರ್ಭದಲ್ಲಿ ಓಡಬಹುದು: ಸಿಸ್ಟಂ ಕಾಲ್ ಒಳಗೆ, ವರ್ಕ್‌ಕ್ಯೂನಲ್ಲಿ, ಸಾಫ್ಟ್‌ಐಆರ್‌ಕ್ಯೂನಲ್ಲಿ, ಇಂಟರಪ್ಟ್‌ನಲ್ಲಿ, ಆರ್‌ಟಿಎನ್‌ಎಲ್ ಹಿಡಿದು, ಹಿಡಿಯದೆ. ಎರಡು ಸಂದರ್ಭ ಇದ್ದರೆ ಎರಡೂ ಬರೆಯಿರಿ. ಯಾವ ಜೋಡಿಗೆ ಯಾವ ಲಾಕ್ ಎಂಬ ಪಟ್ಟಿಯನ್ನು ರಸ್ಟಿ ರಸೆಲ್ ಎಂಬ ಆಸ್ಟ್ರೇಲಿಯಾದ ಕರ್ನಲ್ ಡೆವಲಪರ್ ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ, ಲಿನಕ್ಸ್ ಸೋರ್ಸ್ ಜೊತೆಗೇ ಬರುವ ಡಾಕ್ಯುಮೆಂಟೇಶನ್‌ನಲ್ಲಿದೆ. ತನ್ನನ್ನು ತಾನೇ 'ನಂಬಲಾಗದ ಕೈಪಿಡಿ' ಎಂದು ಕರೆದುಕೊಂಡಿದೆ, ಆದರೂ ನಂಬಬಹುದು. ನಿಮ್ಮ ತುಣುಕುಗಳನ್ನು ನೋಡಿದರೆ, ಯಾವ ಸಾಲುಗಳ ಸುತ್ತ ಲಾಕ್ ಹಾಕಲಿ ಎಂದು ಯೋಚಿಸಿದಂತಿದೆ, ಯಾವ ಡೇಟಾವನ್ನು ಯಾರಿಂದ ಕಾಪಾಡಲಿ ಎಂದು ಅಲ್ಲ. ಹಾಳೆ ಬರೆದ ಮೇಲೆ ಆ ಯೋಚನೆ ತಾನಾಗಿ ತಿರುಗುತ್ತದೆ. ಇನ್ನೊಂದು ಸಣ್ಣ ವಿಷಯ: ಬಿಎಚ್ ಲಾಕ್ ಹಿಡಿದು ಸಾವಿರಾರು ಎಂಟ್ರಿಗಳ ಟೇಬಲನ್ನು ಪೂರ್ತಿ ಓದಿದರೆ ಅಷ್ಟು ಹೊತ್ತು ಆ ಸಿಪಿಯುನಲ್ಲಿ ಪ್ಯಾಕೆಟ್ ನಿಲ್ಲುತ್ತವೆ. ಒಂದೊಂದು ಬಕೆಟ್‌ಗೆ ಒಂದೊಂದು ಲಾಕ್ ಮಾಡಿ, ಹಿಡಿದು ಬಿಟ್ಟು, ಹಿಡಿದು ಬಿಟ್ಟು ಓದಿ.

ಕೇಳಬಾರದ ಪ್ರಶ್ನೆ ಒಂದನ್ನು ಕೇಳಿಬಿಡುತ್ತೇನೆ. ಈ ಟೇಬಲ್ ಕರ್ನಲ್ ಒಳಗೆ ಇರಲೇಬೇಕೆಂದು ನಿರ್ಧರಿಸಿದವರು ಯಾರು? ಹರಿವಿಗೊಂದು ಬೈಟ್ ಲೆಕ್ಕ, ಪ್ಯಾಕೆಟ್ ಲೆಕ್ಕ ಬೇಕೆಂದರೆ ಕನೆಕ್ಷನ್ ಟ್ರ್ಯಾಕಿಂಗ್‌ನಲ್ಲಿ ಅದು ಈಗಾಗಲೇ ಇದೆ, ಅಕೌಂಟಿಂಗ್ ಎಂಬ ಒಂದು ಸೆಟ್ಟಿಂಗ್ ಆನ್ ಮಾಡಬೇಕು. ಅದು ಸಾಲದಿದ್ದರೆ ಇಬಿಪಿಎಫ್‌ನಲ್ಲಿ ಸಿಪಿಯುಗೊಂದು ಪ್ರತಿ ಇರುವ ಹ್ಯಾಶ್ ಮ್ಯಾಪ್ 2016ರಿಂದ ಇದೆ, ಲೆಕ್ಕ ಏರಿಸಲು ನೀವು ಲಾಕ್ ಬರೆಯಬೇಕಾಗಿಲ್ಲ. ನಿಮ್ಮ ಕೋಡನ್ನು ಹೀಗಳೆಯಲು ಹೇಳುತ್ತಿಲ್ಲ. ಹೊಸ ಕರ್ನಲ್‌ಗೆ ಹೋಗುವ ದಿನ ಬಂದಾಗ ಈ ಪ್ಯಾಚನ್ನು ಹೊತ್ತುಕೊಂಡು ಹೋಗಬೇಕಾದವರು ನೀವೇ, ಸೀನಿಯರ್ ಬೇರೆ ಇಲ್ಲ. ತಲೆನೋವು ಮುಗಿದ ಮೇಲೆ ಒಮ್ಮೆ ಮೀಟಿಂಗ್‌ನಲ್ಲಿ ಈ ಮಾತು ಎತ್ತಿ.

'ಕರ್ನಲ್ ಕೆಲಸ ನನ್ನಂಥವರಿಗಲ್ಲ' ಎಂದಿದ್ದೀರಿ. ಲಿನಕ್ಸ್ 1996ರಲ್ಲಿ ಒಂದಕ್ಕಿಂತ ಹೆಚ್ಚು ಸಿಪಿಯುಗಳ ಮೇಲೆ ಓಡಲು ಶುರುಮಾಡಿದಾಗ, ಇಡೀ ಕರ್ನಲ್‌ಗೆ ಒಂದೇ ದೊಡ್ಡ ಲಾಕ್ ಇತ್ತು. ಅದನ್ನು ಬಿಡಿಸಿ ಬಿಡಿಸಿ ಪೂರ್ತಿ ಕಿತ್ತುಹಾಕಿದ್ದು 2011ರಲ್ಲಿ, 2.6.39ರಲ್ಲಿ. ಹದಿನೈದು ವರ್ಷ ಹಿಡಿಯಿತು, ಅದೂ ಜಗತ್ತಿನ ಅತ್ಯುತ್ತಮ ಕೈಗಳಿಗೆ. ಆರ್‌ಟಿಎನ್‌ಎಲ್ ಬಿಡಿಸುವ ಕೆಲಸ ಇನ್ನೂ ಮುಗಿದಿಲ್ಲ. ನೀವು ಬಿದ್ದ ಎರಡೂ ಗುಂಡಿಗಳಲ್ಲಿ ಮುಖ್ಯ ಕರ್ನಲ್‌ನ ಡ್ರೈವರ್‌ಗಳೇ ಬೇಕಾದಷ್ಟು ಸಲ ಬಿದ್ದಿವೆ. ತಲೆಯಲ್ಲಿ ಇಷ್ಟನ್ನು ಇಟ್ಟುಕೊಳ್ಳುವುದು ಆಗದ ಮಾತು ಎಂದು ಬಲ್ಲವರೇ ಒಪ್ಪಿಕೊಂಡಿದ್ದರಿಂದ ಲಾಕ್‌ಡೆಪ್ ಹುಟ್ಟಿತು. ಅದನ್ನು ಆನ್ ಮಾಡಿ ಪರೀಕ್ಷಿಸಿ ಎಂದು ನಿಮಗೆ ಯಾರೂ ಹೇಳಿಕೊಡದೆ ಕಸ್ಟಮರ್ ಮುಂದೆ ನಿಲ್ಲಿಸಿದ್ದು ನಿಮ್ಮ ಬುದ್ಧಿಯ ಕೊರತೆಯಲ್ಲ, ಕಂಪನಿಯ ಕೆಲಸದ ಕ್ರಮದ ಕೊರತೆ. ಟೆಸ್ಟಿಂಗ್‌ಗೆ ಹೋಗುವ ಆಸೆ ಇದ್ದರೆ ಇಷ್ಟಪಟ್ಟು ಹೋಗಿ, ಅದು ಕೀಳು ಕೆಲಸವಲ್ಲ. ಈ ಎರಡು ಬಗ್‌ಗಳಿಂದ ಓಡಿಹೋಗಲೆಂದು ಮಾತ್ರ ಹೋಗಬೇಡಿ. ನಿರ್ಧಾರವನ್ನು ಇವು ಮುಗಿದು ಒಂದು ತಿಂಗಳಾದ ಮೇಲೆ ಮಾಡಿ.

ಮ್ಯಾನೇಜರ್ ವಿಷಯ. ದಿನಾ ಬೆಳಿಗ್ಗೆ 'ನೋಡ್ತಾ ಇದ್ದೀನಿ ಸರ್' ಎಂದು ಹೇಳುವುದನ್ನು ನಿಲ್ಲಿಸಿ. ಆ ಉತ್ತರ ಕೇಳಿ ಅವರಿಗೂ ಭಯ ಹೆಚ್ಚುತ್ತದೆ, ನಿಮಗೂ. ಒಂದು ಪುಟದಷ್ಟು ಬರೆಯಿರಿ: ಇರುವುದು ಎರಡು ಬಗ್, ಒಂದೊಂದರ ಕಾರಣ ಎರಡೆರಡು ವಾಕ್ಯದಲ್ಲಿ, ಹಳೇ ಕೋಡ್‌ನಲ್ಲಿ ಲ್ಯಾಬ್‌ನಲ್ಲೇ ಹೇಗೆ ಬರಿಸಿದೆ, ಹೊಸ ಕೋಡ್ ಅದೇ ಪರೀಕ್ಷೆಯಲ್ಲಿ ಎಷ್ಟು ಹೊತ್ತು ನಿಂತಿತು. ಮಾನಿಟರಿಂಗ್ ಪ್ರೋಗ್ರಾಂ ಈ ವಾರ ನಿಲ್ಲಿಸಿದರೆ ಮೊದಲ ಬಗ್ ಬರುವುದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದು ಸೇರಿಸಿ, ಕಸ್ಟಮರ್‌ಗೆ ಹೇಳಲು ಅವರಿಗೊಂದು ಮಾತು ಬೇಕು. ಕೊನೆಯಲ್ಲಿ ಎರಡು ಕೇಳಿಕೊಳ್ಳಿ: ಕಸ್ಟಮರ್ ಹತ್ತಿರ ಇರುವಂಥದೇ ಹಲವು ಕ್ಯೂಗಳ ಕಾರ್ಡ್ ಇರುವ ಒಂದು ಬಾಕ್ಸ್ ಲ್ಯಾಬ್‌ಗೆ, ಮತ್ತು ಪ್ರತಿ ರಿಲೀಸ್‌ಗೆ ಮುಂಚೆ ಲಾಕ್‌ಡೆಪ್ ಹಾಕಿದ ಕರ್ನಲ್‌ನಲ್ಲಿ ಒಂದು ರಾತ್ರಿಯ ಓಟ. ಇಂಟರ್‌ಫೇಸ್ ಏರಿಸಿ ಇಳಿಸುವ ಲೂಪ್ ಕೂಡ ಆ ಓಟದಲ್ಲಿ ಇರಲಿ, ಎರಡನೆಯ ಬಗ್ ಅದಿಲ್ಲದೆ ಮೇಲೆ ಬರುವುದಿಲ್ಲ. ಪುಟವನ್ನು ಸೋಮವಾರದ ಮೀಟಿಂಗ್‌ಗೆ ಒಂದು ಗಂಟೆ ಮುಂಚೆ ಮೇಲ್ ಮಾಡಿ. ಎಲ್ಲರೆದುರು ನಿಂತು ಓದಿ ಹೇಳುವ ಪಾಡು ಬೇಡ, ಅವರು ಓದಿಕೊಂಡೇ ಬರಲಿ.